ಅವನು ಹೇಳದೆ ಬಿಟ್ಟ ಮಾತು

"ಅವರು ಏನೋ ಕೇಳ್ತಿದ್ದಾರೆ... ಯಾರಿಗಾದ್ರೂ ಅರ್ಥ ಆಗ್ತಿದೆಯಾ?"

ತೀರ್ಪುಗಾರರು ಹೀಗೆ ಕೇಳಿದಾಗ ಇಡೀ ಸಭಾಂಗಣ ಅತ್ತ ತಿರುಗಿತು. ವೇದಿಕೆಯ ಮೇಲೆ ಮೈಕ್ ಹಿಡಿದು ನಿಂತಿದ್ದ ಮೌಟುಶಿಯೂ ಅತ್ತಲೇ ನೋಡಿದಳು.

ಪ್ರೇಕ್ಷಕರ ನಡುವೆ ಬಸುರಿ ಹೆಂಗಸೊಬ್ಬಳು ಎದ್ದು ನಿಂತು ಕೈಸನ್ನೆಯಲ್ಲಿ ಮಾತಾಡುತ್ತಿದ್ದಳು. ಅವಳಿಗೆ ಕಿವಿ ಕೇಳಿಸದು. ಮೌಟುಶಿಯ ಯೋಜನೆ ಇದ್ದದ್ದೇ ಅಂಥವರಿಗಾಗಿ! ಕಿವುಡರು ಆಸ್ಪತ್ರೆಗೆ ಹೋದಾಗ, ಸನ್ನೆ ಬಲ್ಲವರು ಫೋನಿನ ವಿಡಿಯೋದಲ್ಲಿ ಬಂದು ಡಾಕ್ಟರಿಗೆ ಅರ್ಥ ಮಾಡಿಸುವುದು. ಸಮಾಜಕ್ಕೆ ಉಪಯೋಗವಾಗುವ ಯೋಜನೆಗಳಿಗೆಂದು ಕಾಲೇಜುಗಳ ನಡುವೆ ನಡೆಯುತ್ತಿದ್ದ ದೇಶಮಟ್ಟದ ಸ್ಪರ್ಧೆಯ ಖುಲ್ನಾ ನಗರದ ಸುತ್ತಿನಲ್ಲಿ ಎಲ್ಲರೂ ಮೆಚ್ಚಿದ್ದ ಯೋಜನೆ ಅದು.

ಆದರೆ ಆ ಹೆಂಗಸಿನ ಒಂದು ಸನ್ನೆಯೂ ಮೌಟುಶಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಎದುರಾಳಿ ತಂಡದ ಸಾಲಿನಿಂದ ಎತ್ತರದ ಹುಡುಗನೊಬ್ಬ ಎದ್ದ. "ನಾನು ಹೇಳ್ತೀನಿ. 'ಹೆರಿಗೆ ನೋವಲ್ಲಿ ಇರೋಳು ಫೋನ್ ಹಿಡ್ಕೋತಾಳಾ, ಕೈ ಆಡಿಸ್ತಾಳಾ? ನೀನು ಯಾವತ್ತಾದ್ರೂ ಒಬ್ಬ ಕಿವುಡಿ ಜೊತೆ ಆಸ್ಪತ್ರೆಗೆ ಹೋಗಿದ್ದೀಯಾ?' ಅಂತ ಕೇಳ್ತಿದ್ದಾರೆ."

ಮೌಟುಶಿ ತಲೆ ತಗ್ಗಿಸಿದಳು. "ಇಲ್ಲ... ಹೋಗಿಲ್ಲ."

ಆ ಹೆಂಗಸು ನಸುನಕ್ಕು ಇನ್ನೊಂದಿಷ್ಟು ಸನ್ನೆ ಮಾಡಿದಳು. ಹುಡುಗನ ಮುಖ ಒಮ್ಮೆಲೇ ಕೆಂಪಾಯಿತು.

"ಕೊನೆಗೆ ಏನಂದ್ರು?" ತೀರ್ಪುಗಾರರು ಕೇಳಿದರು.

"ಏನಿಲ್ಲ ಸರ್. ಅಷ್ಟೇ."

ಅಷ್ಟೇನಾ? ಏನೋ ಮುಚ್ಚಿಟ್ಟನಲ್ಲ!

ಎರಡೂ ತಂಡಗಳು ಢಾಕಾದ ಫೈನಲ್‌ಗೆ ಆಯ್ಕೆಯಾದವು. ಮೌಟುಶಿಗೆ ಮಾತ್ರ ಸಂತೋಷವೇ ಆಗಲಿಲ್ಲ. ಕ್ಯಾಂಟೀನಿನಲ್ಲಿ ಅವಳ ತಂಡದ ಗೆಳತಿ ಪ್ರಿಯಾಂತಿ ಓಡಿಬಂದು ಕೂತಳು.

"ಟುಶಿ, ಕೇಳಿಲ್ಲಿ! ಅವನ ಹೆಸರು ಸಾದಮಾನ್. ಆ ಹೆಂಗಸು ಅವನ ಸ್ವಂತ ಅಕ್ಕ ಕಣೇ!"

ಮೌಟುಶಿ ಟೀ ಲೋಟ ಬಿಟ್ಟು ನೇರವಾಗಿ ಅವನೆದುರು ಹೋಗಿ ನಿಂತಳು.

"ಅಕ್ಕನ್ನ ಕರ್ಕೊಂಡು ಬಂದು ನನ್ನ ಮರ್ಯಾದೆ ತೆಗೆಸಿದ್ರಲ್ಲ, ಸಮಾಧಾನ ಆಯ್ತಾ?"

"ನಾನು ಕರ್ಕೊಂಡು ಬರ್ಲಿಲ್ಲ. ಅವಳೇ ಬಂದ್ಲು."

"ಯಾಕೆ?"

ಅವನು ಗೋಡೆಯ ಕಡೆ ನೋಡಿದ. "ಶುಕ್ರವಾರ ಮನೆಗೆ ಬರ್ತೀರಾ? ಅಕ್ಕ ನಿಮ್ಮನ್ನ ನೋಡ್ಬೇಕಂತೆ," ಎಂದು ವಿಳಾಸ ಹೇಳಿ ಹೊರಟೇಹೋದ.

ಎಂಥ ಮನುಷ್ಯ ಇವನು! ಬೈದರೆ ಬೈಸಿಕೊಂಡು ಮನೆಗೆ ಕರೆಯುತ್ತಾನೆ!

ಹೋಗಬಾರದು ಎಂದುಕೊಂಡೇ ಅವಳು ಹೋದಳು.

ರೂಪ್ಸಾ ನದಿಯ ದಂಡೆಯ ಆ ಪುಟ್ಟ ಮನೆಯಲ್ಲಿ ಕಿವಿ ಕೇಳಿಸುವವನು ಸಾದಮಾನ್ ಒಬ್ಬನೇ. ಅವನು 'ಆಪು' ಎನ್ನುತ್ತಿದ್ದ ಅಕ್ಕ ರುಮಾನಾ ಕಿವುಡು ಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ಅವಳ ಗಂಡ ಜಮೀಲನಿಗೂ ಕಿವಿ ಕೇಳದು. ತಾಯಿ ಇಲ್ಲದ ತಮ್ಮನನ್ನು ಬೆಳೆಸಿದವಳು ರುಮಾನಾಳೇ.

ಮೊದಲ ದಿನ ಮಧ್ಯೆ ಕೂತು ಅರ್ಥ ಹೇಳಿದವನು ಸಾದಮಾನ್. ರುಮಾನಾ ಹೊಟ್ಟೆಯ ಮೇಲೆ ಕೈಯಿಟ್ಟು ಹೇಳಿದ್ದನ್ನು ಅವನು ಒಂದೊಂದೇ ಮಾತಾಗಿ ತಿಳಿಸಿದ.

"ಹಿಂದಿನ ಸಲ... ಏನೋ ಸರಿಯಿಲ್ಲ ಅಂತ ಇವಳಿಗೆ ಗೊತ್ತಾಗಿತ್ತು. ಆಸ್ಪತ್ರೇಲಿ ಎಷ್ಟು ಸನ್ನೆ ಮಾಡಿದ್ರೂ ಯಾರಿಗೂ ತಿಳೀಲಿಲ್ಲ. ನಾನು ಪರೀಕ್ಷೆ ಮುಗಿಸಿ ಹೋಗೋಷ್ಟರಲ್ಲಿ ಮಗು ಹೋಗಿತ್ತು."

ಮೌಟುಶಿಯ ಕಣ್ಣು ತುಂಬಿ ಬಂತು. ಅವಳು ರುಮಾನಾಳ ಕೈ ಹಿಡಿದು, "ಆಪು, ನನಗೆ ನಿಮ್ಮ ಭಾಷೆ ಕಲಿಸಿ," ಎಂದಳು. ಅದಕ್ಕೆ ಸಾದಮಾನ್ ಅರ್ಥ ಹೇಳುವ ಅಗತ್ಯವೇ ಬೀಳಲಿಲ್ಲ.

ಅಂದಿನಿಂದ ಆ ಮನೆ ಅವಳಿಗೆ ಅಭ್ಯಾಸವಾಯಿತು. ಹಬೆಯಲ್ಲಿ ಬೇಯಿಸಿದ ಬಿಸಿ ಭಾಪಾ ಪಿಠಾ ಕಡುಬು ತಿನ್ನುತ್ತಾ, ತಪ್ಪು ಸನ್ನೆ ಮಾಡಿ ನಗಿಸುತ್ತಾ ಕಲಿತಳು. 'ಜ್ವರ' ಅನ್ನಲು ಹೋಗಿ 'ಎಮ್ಮೆ' ಅಂದ ದಿನ ಜಮೀಲ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಿದ್ದ!

ಆದರೆ ಸಾದಮಾನ್... ಅವನೇ ಅರ್ಥವಾಗುತ್ತಿರಲಿಲ್ಲ. ಅವಳು ಒಳಬಂದರೆ ಅವನು ಹೊರಹೋಗುತ್ತಿದ್ದ. ಮಾತಾಡಿಸಿದರೆ ಗೋಡೆ ನೋಡುತ್ತಿದ್ದ. ಅವಳು ಹೊರಟಾಗ ಮಾತ್ರ, ಗಲ್ಲಿಯ ತಿರುವಿನಲ್ಲಿ ಅವಳಿಗೆಂದು ರಿಕ್ಷಾ ನಿಲ್ಲಿಸಿ ಕಾಯುತ್ತಿದ್ದ.

ದ್ವೇಷವಾ? ಅಲ್ಲವಾ? ನನಗೇಕೆ ಅದೇ ಯೋಚನೆ?

ಫೈನಲ್‌ಗೆ ಮುಂಚಿನ ವಾರ ಅವಳು ಧೈರ್ಯ ಮಾಡಿ ರುಮಾನಾಳನ್ನೇ ಕೇಳಿದಳು. 'ಅವತ್ತು ಸಭಾಂಗಣದಲ್ಲಿ ಕೊನೆಗೆ ಏನಂದಿರಿ?'

ರುಮಾನಾಳ ಕೈಗಳು ನಿಧಾನವಾಗಿ ಆಡಿದವು. "ಈ ಹುಡುಗಿ ಒಳ್ಳೆಯವಳು. ಸುಳ್ಳು ಹೇಳಲಿಲ್ಲ. ಇವಳನ್ನು ಬಿಡಬಾರದು."

ಮೌಟುಶಿಯ ಮೈ ಉರಿದುಹೋಯಿತು. ಹಾಗಾದರೆ ಬೈಗುಳವನ್ನೆಲ್ಲ ಹೇಳಿ, ಹೊಗಳಿಕೆಯನ್ನು ನುಂಗಿಬಿಟ್ಟನಾ! ಇವಳನ್ನು ಸ್ಪರ್ಧೆಯಿಂದ ಕೈಬಿಡಬೇಡಿ ಎಂದು ಅಕ್ಕ ತೀರ್ಪುಗಾರರನ್ನು ಕೇಳಿಕೊಂಡರೂ!

ಗಲ್ಲಿಯಲ್ಲಿ ರಿಕ್ಷಾ ಪಕ್ಕ ನಿಂತಿದ್ದವನ ಮೇಲೆ ಅವಳು ಹರಿಹಾಯ್ದಳು. "ನಿಮ್ಮ ಅಕ್ಕ ನನ್ನ ಬಗ್ಗೆ ಒಳ್ಳೆ ಮಾತು ಹೇಳಿದ್ರು. ಯಾಕೆ ಬಿಟ್ರಿ?"

"ಅದು... ಅಲ್ಲಿ ಹೇಳೋಕೆ ಆಗ್ತಿರ್ಲಿಲ್ಲ."

"ಗೆಲ್ಲೋ ಆಸೆ ಅಷ್ಟೊಂದಾ?"

ಅವನ ಮುಖ ಬಾಡಿತು. ರಿಕ್ಷಾದವನಿಗೆ ಅವಳ ವಿಳಾಸ ಹೇಳಿ ಹಿಂದೆ ಸರಿದ. ಅದಕ್ಕೇ ಅವಳಿಗೆ ಹೆಚ್ಚು ಅಳು ಬಂತು.

ಫೈನಲ್ ದಿನ. ಹೆರಿಗೆಗೆ ಇನ್ನೂ ಸಮಯವಿದೆಯೆಂದು ರುಮಾನಾ ಒತ್ತಾಯ ಮಾಡಿ ತಮ್ಮನನ್ನು ಹಿಂದಿನ ದಿನವೇ ಢಾಕಾಗೆ ಕಳಿಸಿದ್ದಳು. ಪ್ರಿಯಾಂತಿಯೂ ಅಲ್ಲೇ ಚಿಕ್ಕಮ್ಮನ ಮನೆಯಲ್ಲಿದ್ದಳು. ಬೆಳಗಿನ ಬಸ್ ಹತ್ತಲು ನಿಂತಿದ್ದ ಮೌಟುಶಿಯ ಫೋನಿನಲ್ಲಿ ಜಮೀಲನ ವಿಡಿಯೋ ಕರೆ ಬಂತು. ಬೆದರಿದ ಮುಖ, ಎರಡೇ ಸನ್ನೆ. "ನೋವು. ಬಾ."

ಬಸ್ಸಿನವನು ಕೂಗಿದ. "ಅಕ್ಕಾ, ಹತ್ತೋದಾದ್ರೆ ಹತ್ತಿ!"

ಒಂದು ಕ್ಷಣ ಅವಳ ಕಣ್ಣ ಮುಂದೆ ಢಾಕಾದ ವೇದಿಕೆ ಬಂದು ಹೋಯಿತು. ಮರುಕ್ಷಣ ಅವಳು ಆಟೋ ಕೂಗಿದ್ದಳು.

ದಾರಿಯಲ್ಲೇ ಪ್ರಿಯಾಂತಿಗೆ ಹೇಳಿದಳು. "ನೀನೇ ಮಾತಾಡು ಕಣೇ. ನನ್ನಿಂದ ಬರೋಕಾಗಲ್ಲ." ಸಾದಮಾನ್ ಫೋನ್ ತೆಗೆಯಲಿಲ್ಲ. 'ಆಪುಗೆ ನೋವು ಶುರುವಾಗಿದೆ. ನಾನು ಜೊತೆಗಿದ್ದೀನಿ. ನೀವು ಮುಗಿಸಿಕೊಂಡೇ ಬನ್ನಿ' ಎಂದು ಬರೆದು ಕಳಿಸಿದಳು.

ಆಸ್ಪತ್ರೆಯಲ್ಲಿ ನರ್ಸ್ ಬೇಸರದಿಂದ ಕೈ ಬೀಸಿದಳು. "ನೋವು ಇದ್ದದ್ದೇ. ಹೊರಗೆ ಕಾಯಿರಿ."

ರುಮಾನಾ ತಲೆ ಅಲ್ಲಾಡಿಸುತ್ತಾ ಒಂದೇ ಸನ್ನೆಯನ್ನು ಮತ್ತೆ ಮತ್ತೆ ಮಾಡುತ್ತಿದ್ದಳು. ಮೌಟುಶಿಗೆ ಮೊದಲು ಗೊಂದಲವಾಯಿತು. ನೋವಾ? ನಿದ್ದೆಯಾ? ಅಯ್ಯೋ, ಏನದು? ಆಮೇಲೆ ಥಟ್ಟನೆ ಹೊಳೆಯಿತು!

"ಸಿಸ್ಟರ್, ನೋವು ಅಂತಲ್ಲ! ಮಗು ಅಲ್ಲಾಡ್ತಿಲ್ಲ ಅಂತಿದ್ದಾರೆ! ಬೆಳಿಗ್ಗೆಯಿಂದ ಅಲ್ಲಾಡೇ ಇಲ್ವಂತೆ! ಡಾಕ್ಟರನ್ನ ಕರೀರಿ, ಕೈ ಮುಗೀತೀನಿ!"

ಡಾಕ್ಟರಮ್ಮ ಬಂದು ಮಗುವಿನ ಎದೆಬಡಿತ ಕೇಳಿದರು. ಅವರ ಮುಖ ಗಂಭೀರವಾಯಿತು. "ತಕ್ಷಣ ಆಪರೇಷನ್. ನೀನೂ ಒಳಗೆ ಬಾ ಮಗಳೇ. ಮಾಸ್ಕ್ ಹಾಕ್ಕೊಂಡ್ರೆ ನಮ್ಮ ತುಟಿ ಅವಳಿಗೆ ಕಾಣಲ್ಲ."

ಒಳಗೆ ರುಮಾನಾಳ ಕಣ್ಣು ಮೌಟುಶಿಯ ಕೈಗಳನ್ನು ಬಿಟ್ಟು ಕದಲಲಿಲ್ಲ. 'ಈಗ ಸೂಜಿ.' 'ಹೆದರಬೇಡಿ.' 'ಇನ್ನು ಸ್ವಲ್ಪ.' ಕೊನೆಗೆ ಹೆಣ್ಣು ಮಗುವೊಂದು ಅತ್ತಿತು. ಆ ಸದ್ದು ತಾಯಿಗೆ ಕೇಳಿಸದು. ಮೌಟುಶಿ ಅಳುತ್ತಳುತ್ತಲೇ ಕೈಯಲ್ಲಿ ಹೇಳಿದಳು, 'ಅಳ್ತಿದೆ ಆಪು! ಜೋರಾಗಿ ಅಳ್ತಿದೆ!'

ಸಂಜೆ ಸಾದಮಾನ್ ಓಡುತ್ತಾ ಬಂದ. ಕೆದರಿದ ಕೂದಲು, ಕತ್ತಿನಲ್ಲಿ ಇನ್ನೂ ಸ್ಪರ್ಧೆಯ ಗುರುತಿನ ಚೀಟಿ. ಅಕ್ಕನನ್ನೂ ಮಗುವನ್ನೂ ನೋಡಿ, ಹೊರಬಂದು ಬೆಂಚಿನ ಮೇಲೆ ಅವಳ ಪಕ್ಕ ಕುಸಿದ.

"ಮುಗಿಸಿಕೊಂಡು ಬನ್ನಿ ಅಂದಿದ್ನಲ್ಲ?" ಮೌಟುಶಿ ಕೇಳಿದಳು.

"ಮೆಸೇಜ್ ನೋಡ್ತಿದ್ದಂಗೆ ಹೊರಟುಬಿಟ್ಟೆ." ಅವನು ಮುಖ ಉಜ್ಜಿಕೊಂಡ. "ನಿಮ್ಮ ಪ್ರಿಯಾಂತಿ ಒಬ್ಬಳೇ ಮಾತಾಡಿದ್ಲಂತೆ. ಗೆದ್ದಿದ್ದು ಸಿಲ್ಹೆಟ್ ಕಾಲೇಜಿನೋರು."

"ಹೋಗ್ಲಿ ಬಿಡಿ."

ಅವನು ಕತ್ತಿನ ಗುರುತಿನ ಚೀಟಿ ತೆಗೆದು ಕೈಯಲ್ಲಿ ಹಿಡಿದ.

"ಆಪು ಆ ಮಾತು ಹೇಳಿದ್ದು ತೀರ್ಪುಗಾರರಿಗಲ್ಲ," ಅವನು ನೆಲ ನೋಡುತ್ತಲೇ ಹೇಳಿದ. "ನನಗೆ."

"ಅಂದ್ರೆ?"

"ಅದಕ್ಕೂ ಹಿಂದಿನ ಸುತ್ತಲ್ಲೇ ನಿಮ್ಮನ್ನ ನೋಡಿದ್ದೆ. ಮನೆಗೆ ಬಂದು ಆಪು ಹತ್ರ ಬರೀ ನಿಮ್ಮದೇ ಮಾತು. ಯಾರವಳು ನೋಡ್ತೀನಿ ಅಂತ ಅವಳೇ ಬಂದ್ಲು. ನೋಡಿ, 'ಇವಳನ್ನ ಬಿಡಬೇಡ' ಅಂದ್ಲು. ಅಷ್ಟು ಜನರ ಎದುರಿಗೆ ಅದನ್ನ ಹೆಂಗೆ ಹೇಳ್ಲಿ?"

ಮೌಟುಶಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಆಮೇಲಾದ್ರೂ ಹೇಳ್ಬಹುದಿತ್ತಲ್ಲ! ಮುಖ ತಿರುಗಿಸ್ಕೊಂಡು ಓಡಾಡ್ತಿದ್ರಲ್ಲ!"

"ಹಿಂದೆ ಒಬ್ಬಳು, 'ಎಲ್ಲಿಗೆ ಹೋದ್ರೂ ನಿನ್ನ ಅಕ್ಕ ಜೊತೆಗೆ ಬೇಕಾ?' ಅಂತ ಕೇಳಿ ದೂರ ಆದ್ಲು. ನೀವು ಆಪುಗೋಸ್ಕರ ಬರ್ತಿದ್ರಿ. ನನ್ನ ಮಾತಿಂದ ಅದೂ ನಿಂತುಹೋದ್ರೆ ಅಂತ ಹೆದರ್ಕೊಂಡೆ."

"ದಡ್ಡ!" ಅವಳ ಬಾಯಿಂದ ಬಂದೇಬಿಟ್ಟಿತು. ನಾಚಿ ತುಟಿ ಕಚ್ಚಿಕೊಂಡಳು. "ಆಪುಗೋಸ್ಕರ ಮಾತ್ರ ಬರ್ತಿದ್ದೆ ಅಂತ ಯಾರು ಹೇಳಿದ್ರು?"

ಅವನು ತಲೆಯೆತ್ತಿ ನೋಡಿದ. ಮೊದಲ ಸಲ ಗೋಡೆಯನ್ನಲ್ಲ, ಅವಳನ್ನು.

ಅಷ್ಟರಲ್ಲಿ ಡಾಕ್ಟರಮ್ಮ ಬಾಗಿಲಲ್ಲಿ ಕಾಣಿಸಿಕೊಂಡರು. "ಮಗಳೇ, ಭಾನುವಾರ ಇನ್ನೊಬ್ಬಳು ಬರ್ತಾಳೆ. ಅವಳಿಗೂ ಕಿವಿ ಕೇಳಲ್ಲ. ಬರ್ತೀಯಾ?"

"ಬರ್ತೀನಿ ಮೇಡಂ."

ಅವರು ಹೋದ ಮೇಲೆ ಅವಳು ಮೆಲ್ಲಗೆ ಹೇಳಿದಳು. "ಒಬ್ಬಳೇ ಬರೋಕೆ ಭಯ ಆಗುತ್ತೆ."

"ನಾನೂ ಬರ್ತೀನಿ."

"ಹೆರಿಗೆ ವಾರ್ಡೊಳಗೆ ನಿಮ್ಮನ್ನ ಯಾರು ಬಿಡ್ತಾರೆ?"

"ಇಲ್ಲೇ ಕೂತಿರ್ತೀನಿ. ನೀನು ಹೊರಗೆ ಬರೋವರೆಗೂ."

"ಏನಂದ್ರಿ? ನೀನು ಅಂದ್ರಾ?"

"ತಪ್ಪಾಯ್ತಾ?"

"ಇಲ್ಲ," ಎಂದಳು ಅವಳು. "ಇನ್ನೊಂದ್ಸಲ ಅನ್ನು."