ಸಲೂನಿನ ಬೆಂಚಿನಲ್ಲಿ ಚಿಕ್ಕಮ್ಮ

"ಸಿಗ್ನಲ್ ದಾಟಿ ಎಡಕ್ಕೆ ಹೋಗಿ ಅಂಕಲ್. ದೊಡ್ಡಾಸ್ಪತ್ರೆ ಅಲ್ಲೇ ಕಾಣುತ್ತೆ."

ಗುಬ್ಬಿ ಕೈ ಚಾಚಿ ದಾರಿ ತೋರಿಸಿದಳು. ವ್ಯಾನಿನ ಡ್ರೈವರ್ ಥ್ಯಾಂಕ್ಸ್ ಹೇಳಿ ಹೊರಟುಹೋದ. ಅವಳು ಜಂಬದಿಂದ ಹಿಂದಿರುಗಿ ನೋಡಿದರೆ, ಚಿಕ್ಕಮ್ಮ ಇಲ್ಲ.

ಬಸ್ ಸ್ಟಾಪಿನಲ್ಲಿ ಇಲ್ಲ. ಹಣ್ಣಿನ ಗಾಡಿಯ ಮರೆಯಲ್ಲೂ ಇಲ್ಲ. ವ್ಯಾನಿನ ಹಿಂದಿನ ಬಾಗಿಲ ಕಡೆ ಗುಬ್ಬಿ ನೋಡೇ ಇರಲಿಲ್ಲ.

ಚಿಕ್ಕಮ್ಮ ಎಂದರೆ ಅಮ್ಮನ ಕೊನೆಯ ತಂಗಿ. ದೂರದ ಊರಲ್ಲಿ ಒಳ್ಳೆಯ ಕೆಲಸ ಕೊಡಿಸುತ್ತೇನೆಂದು ಪರಿಚಯದವನೊಬ್ಬ ಅವಳನ್ನು ವ್ಯಾನಿನಲ್ಲಿ ಕರೆದುಕೊಂಡು ಹೋಗಿ, ಯಾರದೋ ಮನೆಗೆ ಮಾರಿಬಿಟ್ಟಿದ್ದ. ಆ ಮನೆಯವರು ಹಗಲೆಲ್ಲ ದುಡಿಸಿ, ರಾತ್ರಿ ಹೊರಗಿನಿಂದ ಬೀಗ ಹಾಕುತ್ತಿದ್ದರಂತೆ. ಬೀದಿಯ ಮಹಿಳಾ ಸಂಘದವರು ಪೊಲೀಸರ ಬೆನ್ನು ಬಿದ್ದು, ಅವಳನ್ನು ಹುಡುಕಿಸಿ ಬಿಡಿಸಿಕೊಂಡು ಬಂದಿದ್ದರು.

ಬಂದ ಮೇಲೆ ಚಿಕ್ಕಮ್ಮ ಹೊಸ್ತಿಲು ದಾಟಿದ್ದೇ ಅಪರೂಪ. ಇವತ್ತು ಹೇಗೋ ಸಂಘದ ಹೊಲಿಗೆ ಕ್ಲಾಸಿಗೆ ಬರಲು ಒಪ್ಪಿದ್ದಳು. ಅಮ್ಮನಿಗೆ ಡ್ಯೂಟಿ ಇತ್ತು. ನಾನೇ ಕರೆದುಕೊಂಡು ಹೋಗುತ್ತೇನೆಂದು ಗುಬ್ಬಿ ಹಟ ಹಿಡಿದಿದ್ದಳು.

ಈಗ ಅಮ್ಮನಿಗೆ ಏನು ಹೇಳುವುದು?

ಗುಬ್ಬಿ ದಿಕ್ಕು ತೋಚದೆ ಓಡಿದಳು. ಬೀದಿಯ ತಿರುವಿನಲ್ಲಿ ಹೊಲಿಗೆ ಟೀಚರ್ ಎದುರಾದರು. ಅವರ ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

"ಅಳಬೇಡ ಕಣೇ. ಚಿಕ್ಕಮ್ಮ ಸಲೂನಲ್ಲಿದ್ದಾಳೆ. ಈಗ ತಾನೇ ಫೋನ್ ಬಂತು."

"ಸಲೂನಲ್ಲಾ? ಅದು ಗಂಡಸರದ್ದಲ್ವಾ ಟೀಚರ್?"

ಸಲೂನಿನ ಬಾಗಿಲು ಹಾರುಹೊಡೆದಿತ್ತು. ಒಳಗೆ ಕತ್ತರಿಯ ಸದ್ದೂ ಇಲ್ಲ, ಹಾಡೂ ಇಲ್ಲ. ಬೆಂಚಿನ ತುದಿಯಲ್ಲಿ ಚಿಕ್ಕಮ್ಮ ನೀರಿನ ಲೋಟ ಹಿಡಿದು ಮುದುಡಿ ಕುಳಿತಿದ್ದಳು. ಕುರ್ಚಿಗಳಲ್ಲಿ ಇಬ್ಬರು ಗಂಡಸರು ಬೊಂಬೆಗಳ ಹಾಗೆ ಕೂತಿದ್ದರು. ಒಬ್ಬರ ಮುಖದ ತುಂಬ ನೊರೆ. ಇನ್ನೊಬ್ಬರಿಗೆ ಅರ್ಧ ಶೇವ್ ಆಗಿತ್ತು, ಉಳಿದರ್ಧದ ನೊರೆ ಒಣಗಿ ಹೋಗಿತ್ತು. ಸಲೂನಿನವರು ದೂರದ ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದರು.

ಸಲೂನಿನವರು ಟೀಚರ್ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನೀವೇ ಹೇಳಿದ್ರಲ್ಲ, ಯಾರಾದ್ರೂ ಹೆದರಿ ಒಳಗೆ ಬಂದ್ರೆ ಕೂರಿಸಿ, ಏನೂ ಕೇಳಬೇಡಿ ಅಂತ. ಅದಕ್ಕೇ ಕತ್ತೀನೂ ಎತ್ತಿಟ್ಟೆ."

ಸಂಘದವರು ಬೀದಿಯ ಪ್ರತಿ ಅಂಗಡಿಗೂ ಹೋಗಿ ಹಾಗೆ ಹೇಳಿ ಬಂದಿದ್ದರಂತೆ. ಬೇಕರಿಗೆ, ಮೆಡಿಕಲ್ ಶಾಪಿಗೆ, ಸೈಕಲ್ ರಿಪೇರಿಯವರಿಗೆ, ಎಲ್ಲರಿಗೂ. ಗುಬ್ಬಿಗೆ ಅದು ಗೊತ್ತೇ ಇರಲಿಲ್ಲ.

ಚಿಕ್ಕಮ್ಮ ತಲೆಯೆತ್ತಿದಳು. "ವ್ಯಾನ್ ನಿಲ್ಲಿಸಿದ್ದು ನೋಡಿ ಕಾಲು ತಾನಾಗೇ ಓಡಿಬಿಡ್ತು ಗುಬ್ಬಿ. ನಿನ್ನನ್ನೂ ಎಳ್ಕೊಂಡು ಬರಬೇಕಿತ್ತು ನಾನು."

ಹೇಳದೆ ಕೇಳದೆ ಯಾಕೆ ಹೋದೆ ಎಂದು ಜಗಳವಾಡಲು ಗುಬ್ಬಿ ದಾರಿಯುದ್ದಕ್ಕೂ ತಯಾರಾಗಿ ಬಂದಿದ್ದಳು. ಅದೆಲ್ಲ ಎಲ್ಲಿ ಹೋಯಿತೋ.

ಅಷ್ಟರಲ್ಲಿ ಅರ್ಧ ಶೇವಿನವರು ಕತ್ತು ಅಲ್ಲಾಡಿಸದೆ ಕೇಳಿದರು: "ತಂಗಿ, ನಿನಗೆ ಪರವಾಗಿಲ್ಲ ಅಂದ್ರೆ ಈ ಕೆನ್ನೆ ಮುಗಿಸ್ಕೊಳ್ಳಲಾ? ಇಲ್ಲಾಂದ್ರೆ ಹಿಂಗೇ ಆಫೀಸಿಗೆ ಹೋಗ್ತೀನಿ. ಬೇಜಾರಿಲ್ಲ."

ಚಿಕ್ಕಮ್ಮ ಅವರ ಮುಖ ನೋಡಿದಳು. ಫಕ್ಕನೆ ನಕ್ಕುಬಿಟ್ಟಳು. ಲೋಟದ ನೀರು ತುಳುಕಿ ಸೀರೆಯ ಮೇಲೆ ಚೆಲ್ಲಿತು. ಅವಳು ನಕ್ಕಿದ್ದನ್ನು ಗುಬ್ಬಿ ಇಷ್ಟು ದಿನದಲ್ಲಿ ಕೇಳಿಯೇ ಇರಲಿಲ್ಲ.

ಚಿಕ್ಕಮ್ಮ ಹೂಂ ಎಂದು ತಲೆಯಾಡಿಸಿದ ಮೇಲೆ ಕತ್ತಿ ಮತ್ತೆ ಅವರ ಕೆನ್ನೆಯ ಮೇಲೆ ಓಡತೊಡಗಿತು. ಹೊರಡೋಣವಾ ಎಂಬ ಮಾತು ಗುಬ್ಬಿಯ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡು, ಬೆಂಚಿನ ಮೇಲೆ ಚಿಕ್ಕಮ್ಮನ ಪಕ್ಕ ಹತ್ತಿ ಕುಳಿತಳು. ಚಿಕ್ಕಮ್ಮ ಏಳುವವರೆಗೆ ಕೂತಿರಬಹುದು. ಅವಸರವೇನೂ ಇರಲಿಲ್ಲ.