ಚೆಕ್ ಪಾಸಾಗುವ ಮೊದಲು

"ನನ್ನ ದುಡ್ಡು ನಂಗೆ ಕೊಡೋಕೆ ನಿಮ್ಮ ಗಂಟೇನು ಹೋಗುತ್ತೆ?"

ಬ್ಯಾಂಕಿನಲ್ಲಿ ಸಾಲಾಗಿ ನಿಂತವರೆಲ್ಲ ತಿರುಗಿ ನೋಡಿದರು. ಹಾಗೆ ಕೇಳಿದವಳು ಎದುರು ರಸ್ತೆಯ ಸೋಫಾ ರಿಪೇರಿ ಅಂಗಡಿಯವಳು. ಮಾಡುತ್ತಿದ್ದ ಕೆಲಸ ಬಿಟ್ಟು ಹಾಗೇ ಎದ್ದು ಬಂದಿದ್ದಳು, ತೋಳಿನ ತುಂಬ ನಾರಿನ ಧೂಳು. ಚೆಕ್ ಹಾಕಿ ವಾರವಾಗುತ್ತ ಬಂದಿದ್ದರೂ ಅಕೌಂಟಿಗೆ ಚಿಕ್ಕಾಸು ಬಿದ್ದಿರಲಿಲ್ಲ. ಅಂಗಡಿಯ ಕೆಲಸದವರು ಸಂಬಳಕ್ಕಾಗಿ ಬೆಳಗ್ಗೆಯಿಂದ ಅವಳ ಮುಖವನ್ನೇ ನೋಡುತ್ತಿದ್ದರು.

ಕೌಂಟರಿನ ಆಚೆ ಕೂತಿದ್ದ ಹೊಸ ಆಫೀಸರ್ ಸಿಟ್ಟು ಮಾಡಿಕೊಳ್ಳಲಿಲ್ಲ. "ಚೆಕ್ ಎಲ್ಲಿ ಹಾಕಿದ್ರಿ?" ಎಂದ.

"ಬಾಗಿಲ ಹತ್ರ ಡಬ್ಬಿ ಇದೆಯಲ್ಲ, ಅದರಲ್ಲಿ."

"ಎಷ್ಟೊತ್ತಿಗೆ?"

"ಊಟ ಆದ್ಮೇಲೆ. ಯಾಕೆ, ಡಬ್ಬಿಗೂ ಒಳ್ಳೇ ಗಳಿಗೆ ನೋಡ್ಬೇಕಾ?"

"ನೋಡ್ಬೇಕು. ಬೇರೆ ಬ್ಯಾಂಕಿಂದ ಪಾಸಾಗ್ಬೇಕಾದ ಚೆಕ್ಕೆಲ್ಲ ಹನ್ನೊಂದಕ್ಕೆ ಕ್ಲಿಯರಿಂಗಿಗೆ ಅಂತ ಇಲ್ಲಿಂದ ಹೊರಡುತ್ತೆ. ಆಮೇಲೆ ಡಬ್ಬಿಗೆ ಬಿದ್ದಿದ್ದು ಮಾರನೇ ದಿನದ ಲೆಕ್ಕಕ್ಕೆ. ಮಧ್ಯೆ ರಜೆ ಬೇರೆ ಬಂತು. ಇನ್ಮೇಲೆ ಆ ಡಬ್ಬಿ ಸಹವಾಸ ಬಿಡಿ, ಹನ್ನೊಂದರೊಳಗೆ ನನ್ನ ಕೈಗೇ ಕೊಡಿ." ಒಂದು ಕ್ಷಣ ತಡೆದು, ದನಿ ತಗ್ಗಿಸಿ, "ನಿಮ್ಮ ತಲೇಲಿ ಹತ್ತಿ ಇದೆ," ಎಂದ.

"ಇರಲಿ ಬಿಡಿ. ನಿಮಗೇನು ಭಾರಾನಾ?"

ಅವನು ತುಟಿ ಬಿಗಿಹಿಡಿದು ನಗು ನುಂಗಿಕೊಂಡ. ಅವಳು ಧುಮುಗುಡುತ್ತಲೇ ಹೊರಗೆ ಬಂದಳು. ಮೆಟ್ಟಿಲಿಳಿಯುವಾಗ ಮಾತ್ರ ಕೈ ತಾನಾಗಿ ತಲೆಗೆ ಹೋಯಿತು.

ಆಮೇಲೆ ಚೆಕ್ ಬಂದಾಗಲೆಲ್ಲ ಅವಳು ಅವನ ಮುಂದೆಯೇ ನಿಂತಳು. ಲಾಡ್ಜು, ಡಾಕ್ಟರ ಕ್ಲಿನಿಕ್ಕು, ಮದುವೆಗೆ ಕುರ್ಚಿ ಬಾಡಿಗೆ ಕೊಡುವವರು, ಅವಳ ಗಿರಾಕಿಗಳೆಲ್ಲ ಚೆಕ್ ಕೊಡುವವರೇ. ನೇರ ಅಕೌಂಟಿಗೆ ಹಾಕಿ ಎಂದರೆ, ನಮ್ಮ ಪದ್ಧತಿ ಹಾಗಿಲ್ಲಮ್ಮ ಎನ್ನುತ್ತಿದ್ದರು. "ಪದ್ಧತಿನೂ ಇಲ್ಲ, ಮಣ್ಣೂ ಇಲ್ಲ. ದುಡ್ಡು ಅವರ ಹತ್ರ ಇನ್ನೆರಡು ದಿನ ಇರುತ್ತಲ್ಲ, ಅದಕ್ಕೆ," ಎಂದು ಅವನೇ ಗುಟ್ಟು ಹೇಳಿಕೊಟ್ಟ. ನಮ್ಮ ಬ್ಯಾಂಕಿನ ಚೆಕ್ಕೇ ಆದರೆ ಅದೇ ದಿನ ದುಡ್ಡು ಬರುತ್ತದೆ, ಅಂಥ ಗಿರಾಕಿ ಸಿಕ್ಕರೆ ಬಿಡಬೇಡಿ ಎಂದ. ಒಂದು ದಿನ, "ಹಳೇ ಗಿರಾಕಿಗಳು, ಒಂದು ಚೆಕ್ಕೂ ವಾಪಸ್ ಬಂದಿಲ್ಲ ಅಂದ್ರೆ, ಪಾಸಾಗೋ ಮೊದಲೇ ದುಡ್ಡು ಕೊಡೋ ನಿಯಮ ಇದೆ. ಸ್ವಲ್ಪ ಕಮಿಷನ್ ಹಿಡೀತೀವಿ. ಆಫೀಸರ್ ಸಹಿ ಹಾಕಿದ್ರೆ ಆಯ್ತು," ಎಂದ.

"ಇಷ್ಟು ವರ್ಷ ಯಾರೂ ಹೇಳಲಿಲ್ವಲ್ಲ!"

"ಕೇಳಿದೋರಿಗೆ ಮಾತ್ರ ಹೇಳ್ತೀವಿ."

"ನಾನು ಕೇಳಲೇ ಇಲ್ವಲ್ಲ?"

ಅವನಿಗೆ ತಕ್ಷಣ ಸೀಲು ಹೊಡೆಯುವ ಕೆಲಸ ನೆನಪಾಯಿತು. ಕಿವಿ ಕೆಂಪಗಾಗಿದ್ದು ಸೀಲಿನ ಶಾಯಿಯಿಂದಂತೂ ಅಲ್ಲ. ಪಕ್ಕದ ಕ್ಯಾಷಿಯರ್ ಮೇಡಂ ನೋಟಿನ ಕಟ್ಟಿನ ಮರೆಯಲ್ಲಿ ನಗುತ್ತಿದ್ದರು.

ಆ ತಿಂಗಳೆಲ್ಲ ಅವಳ ಕೆಲಸದವರಿಗೆ ಹೇಳಿದ ದಿನ ಸಂಬಳ ಸಿಕ್ಕಿತು. ಅಂಗಡಿಯಲ್ಲೇ ಕೂರುವ ಅವಳ ಅಪ್ಪನಿಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ಸಮಾಧಾನ. ಆದರೆ ಮಗಳು ಬ್ಯಾಂಕಿಗೆ ಹೊರಡುವ ಮೊದಲು ಮುಖ ತೊಳೆದು, ಕೂದಲು ಬಾಚಿ, ಮತ್ತೆ ಒಳಗೆ ಹೋಗಿ ಕನ್ನಡಿ ನೋಡಿ ಬರುವುದು ಯಾಕೆಂದು ಆ ಮುದುಕನಿಗೆ ತಿಳಿಯದೇ ಇರಲಿಲ್ಲ.

"ನಿನ್ನೆ ಒಂದು ಚೆಕ್ ತಂದ್ರಿ, ಇವತ್ತು ಒಂದು. ಎರಡೂ ಒಟ್ಟಿಗೆ ತರಬಹುದಿತ್ತಲ್ಲ?" ಎಂದು ಅವನು ಒಮ್ಮೆ ಕೇಳಿದ.

"ತರಬಹುದಿತ್ತು," ಎಂದಳು ಅವಳು. ಅಷ್ಟೇ ಹೇಳಿದಳು. ಅವನು ಪೆನ್ನು ಕೆಳಗಿಟ್ಟು ಅವಳನ್ನು ನೋಡಿದ, ಹಿಂದೆ ನಿಂತವರು ಕೆಮ್ಮುವವರೆಗೂ ನೋಡಿದ.

ಒಂದು ಭಾನುವಾರ ಅವನು ಅಮ್ಮನ ಹಳೇ ಕುರ್ಚಿಯೊಂದನ್ನು ಹೊತ್ತುಕೊಂಡು ಅಂಗಡಿಗೆ ಬಂದ. ಸೀಟು ಕುಸಿದಿದೆ ಎಂದ. ಅಪ್ಪ ಕುರ್ಚಿಯನ್ನು ತಿರುಗಿಸಿ ನೋಡಿ, "ಸ್ಪ್ರಿಂಗ್ ಎಲ್ಲಾ ಗಟ್ಟಿಯಾಗೇ ಇದೆಯಲ್ಲಪ್ಪ, ಏನು ಕಾಯಿಲೆ ಇದಕ್ಕೆ?" ಎಂದು ಕಣ್ಣು ಮಿಟುಕಿಸಿ, ಕಾಫಿಯ ನೆಪದಲ್ಲಿ ಎದ್ದು ಹೋದರು.

ಅವಳು ಆ ಕುರ್ಚಿಯನ್ನೇ ಮುಂದಿಟ್ಟುಕೊಂಡು ಬಟ್ಟೆ ಎಳೆದು ಬಿಗಿಯತೊಡಗಿದಳು. ಆ ಕೆಲಸದವರು ಸಣ್ಣ ಮೊಳೆಗಳನ್ನೆಲ್ಲ ಬಾಯಲ್ಲೇ ಇಟ್ಟುಕೊಳ್ಳುತ್ತಾರೆ, ನಾಲಿಗೆಯಿಂದ ಒಂದೊಂದೇ ಮುಂದೆ ತಳ್ಳಿ ಅಯಸ್ಕಾಂತವಿರುವ ಸುತ್ತಿಗೆಯ ತುದಿಗೆ ಕೊಡುತ್ತಾರೆ. ಅವಳ ಬಾಯಿ ತುಂಬ ಮೊಳೆ ಇದ್ದಾಗಲೇ ಅವನು, "ನೀವಿಲ್ಲದ ದಿನ ಹನ್ನೊಂದು ಗಂಟೆ ಆಗೋದೇ ಬೇಡ ಅನ್ಸುತ್ತೆ. ನಿಮ್ಮನ್ನ ಮದುವೆ ಆಗ್ಬೇಕು ಅಂತಿದೀನಿ," ಎಂದುಬಿಟ್ಟ.

ಅವಳಿಗೆ ಉಗುಳುವಂತಿಲ್ಲ, ನುಂಗುವಂತಿಲ್ಲ. ಕಣ್ಣರಳಿಸಿ ಅವನನ್ನೇ ನೋಡುತ್ತ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದಿಟ್ಟಳು. ಅವನು ಬೆವರುತ್ತ ಕಾದ.

"ಬಾಯಿ ಖಾಲಿ ಇದ್ದಾಗ ಕೇಳೋಕೆ ಏನಾಗಿತ್ತು ನಿಮಗೆ?" ಎಂದಳು ಕೊನೆಗೆ.

"ಖಾಲಿ ಇದ್ದಿದ್ರೆ ಬೈದುಬಿಡ್ತಿದ್ರಿ ಅಂತ ಭಯ."

ಅವಳು ನಕ್ಕಳು. ನಗುತ್ತಲೇ ಹೂಂ ಎಂದಳು. ಬದುಕಿನಲ್ಲಿ ಅಷ್ಟು ಹಗುರಾಗಿದ್ದ ದಿನ ಅವಳಿಗೆ ಇನ್ನೊಂದು ನೆನಪಿಲ್ಲ.

ಊರೆಂದ ಮೇಲೆ ಬಾಯಿ ಇದ್ದೇ ಇರುತ್ತದೆ. ಟೈರ್ ಅಂಗಡಿಯ ಸಾಹುಕಾರ ಒಂದು ಬೆಳಗ್ಗೆ ಬ್ಯಾಂಕಿನ ಸಾಲಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, "ಸೋಫಾ ಮೇಡಂ ಚೆಕ್ ಬಂತು ಅಂದ್ರೆ ಇಡೀ ಬ್ಯಾಂಕೇ ಎದ್ದು ನಿಲ್ಲುತ್ತಪ್ಪ, ನಾವೆಲ್ಲ ಯಾರು," ಎಂದ. ಅವಳೂ ಎಲ್ಲರ ಜೊತೆ ನಕ್ಕಳು. ಆಫೀಸರ್ ಮಾತ್ರ ನಗಲಿಲ್ಲ, ಅವನ ಮುಖ ಇಷ್ಟೇ ಇಷ್ಟಾಯಿತು. ಅವಳು ಅದನ್ನು ನಾಚಿಕೆ ಅಂದುಕೊಂಡಳು.

ಅಷ್ಟರಲ್ಲಿ ಅವಳ ಅಂಗಡಿ ಜಾಗದ ಮಾಲೀಕ ತಗಾದೆ ತೆಗೆದ. ಅಡ್ವಾನ್ಸ್ ಹೆಚ್ಚು ಕೊಡಬೇಕು, ಇಲ್ಲದಿದ್ದರೆ ಮೊಬೈಲ್ ಅಂಗಡಿಯವನು ದುಡ್ಡು ಹಿಡಿದು ನಿಂತಿದ್ದಾನೆ, ಶುಕ್ರವಾರ ಸಂಜೆಯವರೆಗೆ ಟೈಮು ಎಂದ. ಅಪ್ಪ ಹರೆಯದಲ್ಲಿ ಬಾಡಿಗೆಗೆ ಹಿಡಿದ ಜಾಗ ಅದು. ಅಮ್ಮ ಬದುಕಿದ್ದಾಗ ಹಿಂದಿನ ಕೋಣೆಯಲ್ಲಿ ಕೂತು ದಿಂಬಿಗೆ ಅಂಚು ಹೊಲಿಯುತ್ತಿದ್ದಳು. ಅದು ಹೋದರೆ ಕೆಲಸವೂ ಹೋದ ಹಾಗೆ, ಯಾಕೆಂದರೆ ಅಷ್ಟು ಕಡಿಮೆ ಬಾಡಿಗೆಗೆ ಸೋಫಾ ಹಿಡಿಸುವ ಜಾಗ ಊರಲ್ಲಿ ಬೇರೆ ಇರಲಿಲ್ಲ.

ಆದರೂ ಅವಳು ಹೆದರಲಿಲ್ಲ. ಲಾಡ್ಜಿನ ಊಟದ ಕೋಣೆಯ ಕುರ್ಚಿಗಳಿಗೆಲ್ಲ ಹೊಸ ಸೀಟು ಹಾಕಿ ಮುಗಿಸಿದ್ದಳು. ಅದರ ದೊಡ್ಡ ಚೆಕ್ ಶುಕ್ರವಾರ ಬೆಳಗ್ಗೆ ಕೈಗೆ ಬಂತು. ಅದೇ ಲಾಡ್ಜಿನ ಎಷ್ಟೋ ಚೆಕ್ ಪಾಸಾಗಿದ್ದವು. ಓಡೋಡಿ ಬ್ಯಾಂಕಿಗೆ ಹೋಗಿ, ಚೆಕ್ಕನ್ನು ಅವನ ಮುಂದಿಟ್ಟು, "ಇವತ್ತೇ ಬೇಕು ಆಫೀಸರ್ರೇ. ಅಂಗಡಿ ವಿಷಯ ಗೊತ್ತಲ್ಲ," ಎಂದಳು.

ಅವನು ತಲೆ ಎತ್ತಲಿಲ್ಲ. "ಪಾಸಾಗಲಿ. ಸೋಮವಾರ ಬರುತ್ತೆ."

ತಮಾಷೆ ಮಾಡುತ್ತಿದ್ದಾನೆ ಎಂದು ಅವಳು ನಕ್ಕಳು. ಅವನು ನಗಲಿಲ್ಲ.

"ಸೋಮವಾರ ತಗೊಂಡು ಏನು ಮಾಡ್ಲಿ? ಇವತ್ತು ಸಂಜೆ ಕೊಡ್ಬೇಕು."

"ಮೊತ್ತ ದೊಡ್ಡದು."

ಅದೇ ಹೊತ್ತಿಗೆ ಟೈರ್ ಸಾಹುಕಾರ ಪಕ್ಕದಿಂದ ಕೈ ಚಾಚಿ ತನ್ನ ಚೆಕ್ ಕೊಟ್ಟ. ಅದೂ ಇನ್ನೂ ಪಾಸಾಗಬೇಕಿದ್ದದ್ದೇ, ಅವಳದಕ್ಕಿಂತ ದೊಡ್ಡ ಚೆಕ್ಕು. ಆಫೀಸರ್ ಒಂದು ಮಾತಾಡದೆ ಸಹಿ ಹಾಕಿದ. ಸಾಹುಕಾರ ನೋಟು ಎಣಿಸಿಕೊಂಡು, ಶಿಳ್ಳೆ ಹಾಕುತ್ತ ಹೋದ.

ಅವಳು ತನ್ನ ಚೆಕ್ಕನ್ನು ಮತ್ತೆ ಅವನ ಮುಂದಕ್ಕೆ ಸರಿಸಿದಳು. "ಅವರಿಗೆ ಕೊಟ್ರಲ್ಲ?"

"ಇಲ್ಲಿ ಬೇಡ. ಆಮೇಲೆ ಮಾತಾಡೋಣ."

"ನಂಗೆ ಇಲ್ಲೇ ಬೇಕಿರೋದು, ಈಗಲೇ ಬೇಕಿರೋದು."

ಅವನು ಕಂಪ್ಯೂಟರಿನ ಪರದೆ ನೋಡುತ್ತ ಕೂತ. ಮ್ಯಾನೇಜರ್ ರಜೆಯಲ್ಲಿದ್ದರು, ಸಹಿ ಹಾಕುವವನು ಅವನೊಬ್ಬನೇ. ಕ್ಯಾಷಿಯರ್ ಮೇಡಂ ಏನೋ ಹೇಳಲು ಬಾಯಿ ತೆರೆದು, ಅವನ ಮುಖ ನೋಡಿ ಮತ್ತೆ ನೋಟು ಎಣಿಸತೊಡಗಿದರು.

ಮಧ್ಯಾಹ್ನವೆಲ್ಲ ಅವಳು ಗೊತ್ತಿದ್ದವರ ಬಾಗಿಲು ತಟ್ಟಿದಳು. ಅಷ್ಟು ದೊಡ್ಡ ಮೊತ್ತ ಯಾರ ಕೈಯಲ್ಲೂ ಇರಲಿಲ್ಲ, ಇದ್ದವರಿಗೆ ಮನಸ್ಸಿರಲಿಲ್ಲ. ಸೋಮವಾರದವರೆಗೆ ತಡೆಯಿರಿ ಎಂದು ಮಾಲೀಕನ ಮುಂದೆ ಕೈಮುಗಿದಳು. "ಸೋಮವಾರ ಸೋಮವಾರ ಅಂತ ಎಲ್ಲರೂ ಹೇಳೋರೇ," ಎಂದು ಅವನು ಮೊಬೈಲ್ ಅಂಗಡಿಯವನ ದುಡ್ಡು ತೆಗೆದುಕೊಂಡ. ಅಪ್ಪ ಗೋಡೆಗೆ ನೇತುಹಾಕಿದ್ದ ಕತ್ತರಿಗಳನ್ನು ಇಳಿಸಿ ಗೋಣಿಚೀಲಕ್ಕೆ ಹಾಕತೊಡಗಿದರು.

ಸೋಮವಾರ ಮೊಬೈಲ್ ಕುಯ್ಯೆಂದಿತು. ಚೆಕ್ ಪಾಸಾಗಿತ್ತು. ಹೇಳಿದಷ್ಟು ದುಡ್ಡು, ಒಂದು ಪೈಸೆ ಆಚೀಚೆ ಇಲ್ಲದೆ, ಅಕೌಂಟಿಗೆ ಬಂದು ಬಿದ್ದಿತ್ತು. ಅವಳಿಗೆ ಆ ಮೊಬೈಲನ್ನು ಗೋಡೆಗೆ ಬೀಸಿ ಒಗೆಯುವಷ್ಟು ಕೋಪ ಬಂತು.

ಅಂದು ಸಂಜೆ ಅವನು ಬಂದ. ಅಂಗಡಿ ಅರ್ಧ ಖಾಲಿಯಾಗಿತ್ತು. ಬಾಗಿಲಲ್ಲಿ ಗಾಡಿ ನಿಂತಿತ್ತು, ಅಪ್ಪ ಅದರ ಹತ್ತಿರ ಸಾಮಾನಿಗೆ ಹಗ್ಗ ಬಿಗಿಯುತ್ತಿದ್ದರು.

"ನಮ್ಮ ವಿಷಯ ಮ್ಯಾನೇಜರ್ ಕಿವಿಗೂ ಬಿದ್ದಿತ್ತು," ಎಂದ ಅವನು. "ಮೇಲಿನೋರೂ ಕೇಳಿದ್ರಂತೆ. ನಾನು ಸಹಿ ಹಾಕಿದ್ರೆ ಜನ ನನ್ನನ್ನಲ್ಲ, ನಿನ್ನನ್ನ ಆಡ್ಕೋತಿದ್ರು. ಚೆಕ್ಕಿಗೋಸ್ಕರ ಬಲೆಗೆ ಹಾಕ್ಕೊಂಡಳು ಅನ್ನೋರು. ಅದು ನಂಗೆ ತಡೆಯೋಕಾಗ್ತಿರಲಿಲ್ಲ."

"ಲಾಡ್ಜಿನ ಚೆಕ್ ಮೇಲೆ ಅನುಮಾನ ಇತ್ತಾ?"

"ಇಲ್ಲ."

"ನಿಯಮ ಅಡ್ಡ ಬರ್ತಿತ್ತಾ?"

"ಇಲ್ಲ."

"ನಾನು ನಿಮಗೆ ಯಾರೂ ಅಲ್ಲದೆ, ಬರೀ ಒಬ್ಬ ಗಿರಾಕಿ ಆಗಿದ್ದಿದ್ರೆ, ಸಹಿ ಹಾಕ್ತಿದ್ರಾ?"

ಸುಳ್ಳು ಹೇಳುವ ಮನುಷ್ಯನಲ್ಲ ಅವನು. ಅವಳು ಅವನನ್ನು ಮೆಚ್ಚಿದ್ದೂ ಅದಕ್ಕೇ.

"ಹಾಕ್ತಿದ್ದೆ," ಎಂದ.

"ಊರಿನ ಎಲ್ಲರಿಗೂ ಸಿಗೋದು ನಂಗೊಬ್ಬಳಿಗೆ ಸಿಗಲಿಲ್ಲ. ಯಾಕಂದ್ರೆ ನೀವು ನನ್ನ ಪ್ರೀತಿಸ್ತೀರಿ." ಅವಳು ಖಾಲಿ ಗೋಡೆಯತ್ತ ಕೈ ತೋರಿಸಿದಳು. "ಮದುವೆ ಆದ್ಮೇಲೂ ಹೀಗೇ ಅಲ್ವಾ? ಜನ ಏನಂತಾರೋ ಅಂತ ಪ್ರತಿ ಸಲ ನನ್ನ ಪಾಲಿಂದಲೇ ಕಿತ್ತು ಅವರಿಗೆ ಕೊಡ್ತೀರಿ. ಕೊಟ್ಟು, ನಿನಗೋಸ್ಕರ ಮಾಡ್ದೆ ಅಂತೀರಿ."

"ಬೇರೆ ಜಾಗ ಹುಡುಕೋಣ. ನನ್ನ ಹೆಸರಲ್ಲಿ ಸಾಲ ತೆಗೀತೀನಿ. ನನ್ನ ಬಿಟ್ಟು ಹೋಗ್ಬೇಡ," ಎಂದು ಅವನು ಅವಳ ಕೈ ಹಿಡಿದ.

ಅವಳಿಗೆ ಆ ಕೈ ಬಿಡಲು ಮನಸ್ಸಿರಲಿಲ್ಲ. ಅವನ ಮೇಲಿನ ಪ್ರೀತಿ ಎಲ್ಲಿಗೂ ಹೋಗಿರಲಿಲ್ಲ, ಎದೆಯಲ್ಲಿ ಹಾಗೇ ಕೂತು ಸುಡುತ್ತಿತ್ತು. ಆದರೆ ನಾಳೆ ಇನ್ನೊಂದು ಕಷ್ಟ ಬಂದಾಗ ಇವನ ಮುಂದೆ ಧೈರ್ಯವಾಗಿ ಕೈಚಾಚಲು ತನ್ನಿಂದ ಆಗುವುದಿಲ್ಲ ಎಂಬುದು ಅವಳಿಗೆ ಖಚಿತವಾಗಿತ್ತು. ಮೆಲ್ಲಗೆ ಕೈ ಬಿಡಿಸಿಕೊಂಡಳು.

"ನೀವು ಒಳ್ಳೆಯವರು. ನಂಗೆ ಕಷ್ಟ ಆಗ್ತಿರೋದೇ ಅದು. ಹೋಗಿ."

ಅವನು ಹೋದ. ಬಾಗಿಲು ದಾಟಿ, ಅಪ್ಪನ ಪಕ್ಕದಲ್ಲೇ ತಲೆ ತಗ್ಗಿಸಿ ನಡೆದ.

ಅಪ್ಪ ಒಳಗೆ ಬಂದು ಹೊಲಿಗೆ ಮಷಿನಿನ ಒಂದು ತುದಿ ಹಿಡಿದರು. ಅವಳು ಕಣ್ಣೊರೆಸಿಕೊಂಡು ಇನ್ನೊಂದು ತುದಿ ಹಿಡಿದಳು.

"ಅಳಿಯಂದಿರು ಬಂದ ಹಾಗಿತ್ತು," ಎಂದರು ಅಪ್ಪ. ಆ ಶುಕ್ರವಾರ ಕೌಂಟರಿನಲ್ಲಿ ನಡೆದದ್ದನ್ನು ಅವಳು ಅಪ್ಪನಿಗೆ ಹೇಳಿಯೇ ಇರಲಿಲ್ಲ. "ನಿಲ್ಲಲೂ ಇಲ್ಲ, ಒಂದು ಕಾಫಿನೂ ಕುಡಿಯಲಿಲ್ಲ. ಏನಂತೆ?"

"ಚೆಕ್ ಪಾಸಾಯ್ತಂತೆ ಅಪ್ಪ," ಎಂದಳು ಅವಳು.