ರಿಪೋರ್ಟಿಗೆ ಸಿಗದ ಅಳು

"ಮುಟ್ಠಿ ಬಂದ್ ಕೀಜಿಯೇ... ಔರ್ ಜೋರ್ ಸೇ."

ವೈಶಾಲಿ ಮುಷ್ಟಿ ಬಿಗಿದಳು. ಜೊತೆಗೆ ಕಣ್ಣನ್ನೂ ಬಿಗಿದಳು.

ಬೆಳಗಿನ ಆರೂಮುಕ್ಕಾಲು. ಕುರ್ಲಾದ ಚಾಳೆಂಬ ವಠಾರದ ಎರಡನೇ ಮಹಡಿಯ ಖೋಲಿ. ಹೊರಗೆ ನಳದ ಸಾಲಿನಲ್ಲಿ ಕೊಡಗಳ ಸದ್ದು. ಲ್ಯಾಬಿನಿಂದ ರಕ್ತ ತೆಗೆಯಲು ಬಂದವನು ಅವಳ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ, ಎರಡು ಬೆರಳಿನಿಂದ ನರ ಹುಡುಕುತ್ತಿದ್ದ. ಅಪರಿಚಿತ ಗಂಡಸೊಬ್ಬ ಅವಳ ಕೈಯನ್ನು ಅಷ್ಟು ಹೊತ್ತು ಹಿಡಿದಿದ್ದು ಅದೇ ಮೊದಲು. ಎದೆ ಹೊಡೆದುಕೊಳ್ಳುವುದು ಅವನ ಬೆರಳಿಗೆ ಗೊತ್ತಾಗಿಬಿಟ್ಟರೆ...

ಒಳಗಿನಿಂದ ಅಜ್ಜಿ ಹಾಲವ್ವ ಕೂಗಿದಳು. "ಏ ತಮ್ಮಾ, ಸಣ್ಣಗ ಚುಚ್ಚಪಾ. ಕೂಸು ಹೆದರತೈತಿ."

"ಹೆದರಾಕ ಏನಿಲ್ರಿ ಆಯಿ. ಇರಿವಿ ಕಡದಂಗ ಅಷ್ಟ."

ಕನ್ನಡ! ವೈಶಾಲಿ ಬೆರಗಾಗಿ ಕಣ್ಣು ತೆರೆದಳು. ಅಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೂ ಬಂದಿತ್ತು.

ಅವನ ಹೆಸರು ಶ್ರೀಶೈಲ. ವಿಜಯಪುರದ ಕಡೆಯವನು. ಫಾರ್ಮಿನಲ್ಲಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದ. ಏನಾದರೂ ತಿಂದಿದ್ದಾಳಾ, ಥೈರಾಯಿಡ್ ಗುಳಿಗೆ ಇವತ್ತು ನುಂಗಿದ್ದಾಳಾ, ಬೇರೆ ಔಷಧ ಯಾವುದಾದರೂ ನಡೆದಿದೆಯಾ. ಅವಳು ಮೂರಕ್ಕೂ ಇಲ್ಲವೆಂದು ತಲೆಯಾಡಿಸಿದಳು.

ಹತ್ತಿಯ ಮೇಲೆ ಬಿಳಿ ಪಟ್ಟಿ ಅಂಟಿಸಿ, ಅದರ ಮೇಲೆ ಪೆನ್ನಿನಿಂದ ಮುಂದಿನ ತಪಾಸಣೆಯ ತಾರೀಖು ಬರೆದ. ಅವಳು ವಿಚಿತ್ರವಾಗಿ ನೋಡಿದ್ದಕ್ಕೆ ನಕ್ಕ.

"ಕಾಗದ ಎಲ್ಲಾರೂ ಕಳಕೋತಾರ್ರಿ. ಕೈ ಯಾರೂ ಕಳಕೊಳ್ಳೂದಿಲ್ಲ."

ಆ ಸಂಜೆ ವೈಶಾಲಿ ಪಟ್ಟಿಯನ್ನು ಮೆಲ್ಲಗೆ ಕಿತ್ತು ಡೈರಿಯ ಹಾಳೆಗೆ ಅಂಟಿಸಿದಳು. ಕೆಳಗೆ ಏನು ಬರೆಯಬೇಕೋ ತಿಳಿಯಲಿಲ್ಲ. ಹಾಗೇ ಮುಚ್ಚಿಟ್ಟಳು.

* * *

ಅಪ್ಪ ಇಲ್ಲದ ಮನೆ. ಅವ್ವ ಗುರುಬಾಯಿಗೆ ವಿಕ್ರೋಳಿಯ ಕಂಪನಿಯೊಂದರ ಕ್ಯಾಂಟೀನಿನಲ್ಲಿ ಬೆಳಗಿನ ಪಾಳಿ. ವೈಶಾಲಿಯನ್ನು ಬೆಳೆಸಿದವಳು ಆಯಿಯೇ, ಅಜ್ಜಿ ಹಾಲವ್ವ.

ಪದವಿ ಮುಗಿದ ವರ್ಷ ವೈಶಾಲಿಯ ಥೈರಾಯಿಡ್ ಗ್ರಂಥಿ ಮಂದವಾಗಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೂರು ಮೈಕ್ರೋಗ್ರಾಂನ ಒಂದು ಪುಟ್ಟ ಗುಳಿಗೆ. ಆಮೇಲೆ ಅರ್ಧ ತಾಸು ಚಹಾ ಕುಡಿಯುವಂತಿಲ್ಲ. ಆಯಿ ಮಾತ್ರ ಚಹಾ ಮೊದಲೇ ಮಾಡಿ, ಲೋಟದ ಮೇಲೆ ತಾಟು ಮುಚ್ಚಿ, ಗಡಿಯಾರ ನೋಡುತ್ತಾ ಕೂರುವಳು. "ದೊಡ್ಡ ಮುಳ್ಳು ಕೆಳಗ ಇಳಿಲಿ, ಆಮ್ಯಾಲೆ ಕುಡಿ" ಎನ್ನುವಳು. ತಾಟು ತೆಗೆಯುವ ಹೊತ್ತಿಗೆ ಚಹಾ ಉಗುರುಬೆಚ್ಚಗಾಗಿರುತ್ತಿತ್ತು. ವೈಶಾಲಿಗೆ ಅದೇ ರುಚಿ.

ಆಯಿಯ ಸಕ್ಕರೆ ತಪಾಸಣೆಗೆಂದು ಶ್ರೀಶೈಲ ತಿಂಗಳಿಗೊಮ್ಮೆ ಬರತೊಡಗಿದ. ಬಂದಾಗೆಲ್ಲ ಆಯಿ ಅವನನ್ನು ಕೂರಿಸಿಕೊಂಡು ಊರಿನ ಸುದ್ದಿ ಕೇಳುವಳು, ಇಂಥ ಹದನಾದ ಕೈಯವನಿಗೆ ಇನ್ನೂ ಯಾಕೆ ಹೆಣ್ಣು ಸಿಕ್ಕಿಲ್ಲವೆಂದು ಮೊಮ್ಮಗಳಿಗೆ ಕೇಳಿಸುವಂತೆಯೇ ಚೇಷ್ಟೆ ಮಾಡುವಳು. ವೈಶಾಲಿ ಒಲೆಯ ಹತ್ತಿರ ಸುಮ್ಮನೆ ಬೆನ್ನು ಮಾಡಿ ನಿಲ್ಲುವಳು. ಡೈರಿಯಲ್ಲಿ ಮಾತ್ರ ಪುಟಗಟ್ಟಲೆ ಮಾತಾಡುವಳು.

ಜೂನ್ ತಿಂಗಳಲ್ಲಿ ಒಂದು ದಿನ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಅವನೇ ಹೇಳಿದ.

"ನಿಮ್ಮ ಜಡಿ ಭಾಳ ಚಂದ ಐತ್ರಿ. ದೀಪಾವಳಿ ಆದ ಮ್ಯಾಲೆ ನಮ್ಮವ್ವ ಬರ್ತಾಳ... ನೀವು ಹೂಂ ಅಂದ್ರ, ಹೂ ಮುಡಿಸಿ ಹೋಗ್ತಾಳ."

ವೈಶಾಲಿಯ ಬಾಯಿಂದ ಬಂದದ್ದು ಒಂದು ಸಣ್ಣ "ಹೂಂ". ಅವನು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹೋದ.

ಆದರೆ ಆ ಜಡೆಯ ಗುಟ್ಟು ಅವಳ ತಲೆ ಬಾಚುವ ಹಣಿಗೆಗೆ ಮಾತ್ರ ಗೊತ್ತಿತ್ತು. ದಿನಾ ಮುಷ್ಟಿ ತುಂಬ ಕೂದಲು ಉದುರುತ್ತಿತ್ತು. ದೀಪಾವಳಿಯ ಹೊತ್ತಿಗೆ ಏನು ಉಳಿದೀತು? ಅವನ ಅವ್ವ ಮಾಲೆ ಹಿಡಿದು ನಿಂತಾಗ, ಹೂವಿನ ಭಾರಕ್ಕೆ ಜಡೆ ಜಾರಿಬಿಟ್ಟರೆ...

ಯಾರಿಗೂ ಹೇಳದೆ ಸ್ಟೇಷನ್ ಹತ್ತಿರದ ಮೆಡಿಕಲ್ ಅಂಗಡಿಯಿಂದ ಕೂದಲಿನ ಗುಳಿಗೆ ತಂದಳು. ಡಬ್ಬಿಯ ಮೇಲೆ ಉದ್ದ ಕೂದಲಿನ ಹೆಂಗಸಿನ ಚಿತ್ರ. ಡೈರಿಯ ಹಿಂದೆ ಬಚ್ಚಿಟ್ಟು ದಿನಕ್ಕೊಂದು ನುಂಗತೊಡಗಿದಳು. ಅದನ್ನು ಅವಳು ಔಷಧವೆಂದು ಎಣಿಸಲೇ ಇಲ್ಲ. ಎಣ್ಣೆ, ಪೌಡರ್ ಇದ್ದ ಹಾಗೆ ಅದೂ ಒಂದು.

ಜುಲೈನಲ್ಲಿ ಥೈರಾಯಿಡ್ ತಪಾಸಣೆಯ ದಿನ ಶ್ರೀಶೈಲ ಎಂದಿನಂತೆ ಕೇಳಿದ. "ಬ್ಯಾರೆ ಔಷಧ ಏನರ ನಡದೈತೇನ್ರಿ?"

ಅವಳ ಕೈ ತಾನಾಗಿ ಜಡೆಗೆ ಹೋಯಿತು. ಜಡೆ ಚಂದವೆಂದವನ ಎದುರು ಏನೆಂದು ಹೇಳುವುದು?

"ಇಲ್ರಿ" ಎಂದಳು.

* * *

ಟಿಎಸ್‌ಎಚ್ ಎನ್ನುವುದು ಮೆದುಳು ಥೈರಾಯಿಡ್ ಗ್ರಂಥಿಗೆ ಕೊಡುವ ಕೂಗು. ದೇಹಕ್ಕೆ ಹಾರ್ಮೋನ್ ಸಾಲದಿದ್ದರೆ ಕೂಗು ಜೋರಾಗುತ್ತದೆ, ಹೆಚ್ಚಾದರೆ ಅಡಗುತ್ತದೆ. ಅರ್ಧದಿಂದ ನಾಲ್ಕೂವರೆಯೊಳಗೆ ಇರಬೇಕಾದ ಅಂಕೆ ವೈಶಾಲಿಯ ರಿಪೋರ್ಟಿನಲ್ಲಿ ಸೊನ್ನೆಯ ಹತ್ತಿರ ಇಳಿದಿತ್ತು. ಗುಳಿಗೆ ಅತಿಯಾಗಿದೆ ಎಂದು ಅದರ ಅರ್ಥ.

ಕೆಳಗಿನ ದವಾಖಾನೆಯ ಡಾಕ್ಟರು ರಿಪೋರ್ಟನ್ನು ಮೊಬೈಲಿನಲ್ಲಿ ನೋಡಿದರು, ಅವಳನ್ನು ನೋಡಲಿಲ್ಲ. ನೂರರ ಗುಳಿಗೆ ಐವತ್ತಾಯಿತು. ಸೆಪ್ಟೆಂಬರಿನಲ್ಲಿ ಮತ್ತೆ ತಪಾಸಣೆ, ಮತ್ತೆ ಅಂಕೆ ಕಡಿಮೆ. ಐವತ್ತು ಇಪ್ಪತ್ತೈದಾಯಿತು.

ವೈಶಾಲಿ ಮೆಲ್ಲಗೆ ಮುಳುಗತೊಡಗಿದಳು. ಎಷ್ಟು ಮಲಗಿದರೂ ನಿದ್ದೆ. ಮುಖ ಊದಿತು, ದನಿ ದಪ್ಪವಾಯಿತು. ಲೋಕಲ್‌ನಲ್ಲಿ ಇಳಿಯುವ ಸ್ಟೇಷನ್ ಮರೆತು ಮುಂದೆ ಹೋಗುತ್ತಿದ್ದಳು. ಅಕ್ಟೋಬರಿನ ಸೆಕೆಯಲ್ಲಿ ಚಾಳೆಲ್ಲ ಬೆವರುತ್ತಿದ್ದರೆ ಅವಳು ಶಾಲು ಹೊದ್ದು ಕೂರುತ್ತಿದ್ದಳು. ಪುಟಗಟ್ಟಲೆ ಬರೆಯುತ್ತಿದ್ದ ಡೈರಿಯಲ್ಲಿ ಈಗ ಒಂದೇ ಸಾಲು.

"ಇವತ್ತು ಏನೂ ಇಲ್ಲ."

ಆ ತಿಂಗಳ ಕೊನೆಗೆ ಆಯಿ ತೀರಿಕೊಂಡಳು. ಮಧ್ಯಾಹ್ನ ಮಲಗಿದವಳು ಏಳಲಿಲ್ಲ.

ಆಯಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿದರು. ಗುರುಬಾಯಿ ಎದೆ ಬಡಿದುಕೊಂಡು ಅತ್ತಳು. ವೈಶಾಲಿ ಕಂಬದ ಹಾಗೆ ನಿಂತಿದ್ದಳು. ಸಾಕಿದವಳು ಹೋದರೂ ಒಂದು ಹನಿ ಇಲ್ಲ ನೋಡ್ರಿ ಎಂದು ಯಾರೋ ಹಿಂದೆ ಪಿಸುಗುಟ್ಟಿದರು. ಅದು ಅವಳಿಗೆ ಕೇಳಿಸಿತು. ಅದಕ್ಕೂ ಏನೂ ಅನಿಸಲಿಲ್ಲ.

ಅತ್ತರೆ ಸಾಕು ಎಂದು ಕಾಯುತ್ತಿದ್ದಳು... ಅಳು ಬರಲೇ ಇಲ್ಲ.

ಮೂರನೆಯ ದಿನ ಶ್ರೀಶೈಲ ಬಂದ. ಅವಳ ಪಕ್ಕದಲ್ಲಿ ಕೂತು, ಮೊದಲ ಬಾರಿಗೆ ಸೂಜಿಯಿಲ್ಲದೆ ಅವಳ ಕೈ ಹಿಡಿದ. ಅದು ರಕ್ತದ ಮಾದರಿ ಇಡುವ ಅವನ ಐಸ್ ಡಬ್ಬಿಯೊಳಗಿನ ಬಾಟಲಿಯಷ್ಟು ತಣ್ಣಗಿತ್ತು. ನಾಡಿ ಎಲ್ಲೋ ದೂರದಲ್ಲಿ ನಿಧಾನವಾಗಿ ಬಡಿಯುತ್ತಿತ್ತು. ದುಃಖಕ್ಕೆ ಹೀಗಾಗಿದ್ದಾಳೆ ಎಂದುಕೊಂಡ.

"ಒಂದ್ಸಲ ಅತ್ತುಬಿಡ್ರಿ" ಎಂದ.

"ಅಳು ಬರೂದಿಲ್ರಿ." ಅವಳು ನೆಲ ನೋಡುತ್ತಾ, ಒಂದೊಂದೇ ಪದ ಎತ್ತಿಡುವಂತೆ ಹೇಳಿದಳು. "ಆಯಿ ಹೋದದ್ದಕ್ಕೂ ಏನೂ ಅನ್ಸೂದಿಲ್ಲ... ನೀವು ಬಂದದ್ದಕ್ಕೂ ಅನ್ಸೂದಿಲ್ಲ. ನನ್ನೊಳಗ ಯಾರೂ ಉಳದಿಲ್ಲ. ನಿಮ್ಮ ಅವ್ವಗ ಬರಬ್ಯಾಡ ಅಂತ ಹೇಳಿಬಿಡ್ರಿ."

ಅವನು ಅವಳ ಕೈಯನ್ನು ಅವಳ ಮಡಿಲಲ್ಲೇ ಮೆಲ್ಲಗೆ ಇಟ್ಟು ಎದ್ದುಹೋದ. ಮರುವಾರವೇ ಕುರ್ಲಾದ ಮನೆಗಳನ್ನು ಬೇರೆಯವರಿಗೆ ಬಿಟ್ಟು ಊರಿನ ಇನ್ನೊಂದು ತುದಿಯ ದಹಿಸರ್‌ನ ಕೆಲಸ ಕೇಳಿ ಪಡೆದ. ಬೇಡವೆಂದವಳ ಮೆಟ್ಟಿಲು ಹತ್ತುವ ಶಕ್ತಿ ಅವನಿಗೆ ಇರಲಿಲ್ಲ.

ವೈಶಾಲಿ ಡೈರಿಯಲ್ಲಿ ಬರೆದಳು. "ಅವರು ಮತ್ತೆ ಬರಲಿಲ್ಲ. ನನ್ನ ಕೂದಲು ನೋಡಿರಬೇಕು. ಒಳ್ಳೆಯದಾಯಿತು. ಕಲ್ಲಿಗೆ ಯಾರು ಹೂ ಮುಡಿಸುತ್ತಾರೆ?"

ಬರೆದು, ಕೂದಲಿನ ಗುಳಿಗೆ ನುಂಗಿ ಮಲಗಿದಳು. ಯಾಕೆ ನುಂಗುತ್ತಿದ್ದಾಳೆ ಎಂಬುದೂ ಮರೆತಿತ್ತು. ಅಭ್ಯಾಸ, ಅಷ್ಟೇ.

* * *

ಡಿಸೆಂಬರಿನ ಒಂದು ಬೆಳಿಗ್ಗೆ, ದಹಿಸರ್‌ನ ಬಿಲ್ಡಿಂಗ್ ಒಂದರಲ್ಲಿ ವಿಜೇತಾ ಎಂಬ ಶಾಲಾ ಟೀಚರ್ ಶ್ರೀಶೈಲನ ಎದುರು ರಿಪೋರ್ಟ್ ಹಿಡಿದು ರೇಗಿದಳು. ಥೈರಾಯಿಡ್ ಹೆಚ್ಚಾಗಿದೆ ಎಂದು ಇದರಲ್ಲಿದೆ, ಹಾಗಿದ್ದರೆ ನನಗೆ ಇಡೀ ದಿನ ನಿದ್ದೆ ಯಾಕೆ, ಮೈ ಯಾಕೆ ಊದುತ್ತಿದೆ ಎಂದು ಹಿಂದಿಯಲ್ಲಿ ಜಗಳಕ್ಕೆ ನಿಂತಳು. ಅಷ್ಟರಲ್ಲಿ ಅವನಿಗೆ ಅವಳ ಹಣಿಗೆಯ ಪಕ್ಕದಲ್ಲಿ ಒಂದು ಡಬ್ಬಿ ಕಂಡಿತು. ಉದ್ದ ಕೂದಲಿನ ಹೆಂಗಸಿನ ಚಿತ್ರ.

ಲ್ಯಾಬಿಗೆ ಫೋನ್ ಮಾಡಿ, ಆ ಡಬ್ಬಿಯ ವಿಷಯ ಹೇಳಿ ಹಿರಿಯರನ್ನು ಕೇಳಿದ. ಅವರು ವಿವರಿಸಿದರು. ಕೂದಲಿನ ಗುಳಿಗೆಯಲ್ಲಿ ಬಯೋಟಿನ್ ಎಂಬ ವಿಟಮಿನ್ ಇರುತ್ತದೆ. ಅದು ರಕ್ತದಲ್ಲಿ ಹೆಚ್ಚಿದ್ದರೆ ತಪಾಸಣೆಯೇ ದಾರಿ ತಪ್ಪುತ್ತದೆ. ಟಿಎಸ್‌ಎಚ್ ಇಲ್ಲದಷ್ಟು ಕಡಿಮೆ ತೋರಿಸುತ್ತದೆ. ಆ ಗುಳಿಗೆ ನಿಲ್ಲಿಸಿ ಎರಡು ಮೂರು ದಿನ ಬಿಟ್ಟು ರಕ್ತ ತೆಗೆದರೆ ನಿಜವಾದ ಅಂಕೆ ಸಿಗುತ್ತದೆ.

ದಹಿಸರ್ ಸ್ಟೇಷನ್ನಿನ ಬೆಂಚಿನ ಮೇಲೆ ಶ್ರೀಶೈಲ ಕೂತ.

ವೈಶಾಲಿಯ ರಿಪೋರ್ಟಿನಲ್ಲೂ ಇದೇ ಇತ್ತು. ಅವಳ ಆ ತಣ್ಣನೆಯ ಕೈ. ಆ ನಿಧಾನದ ನಾಡಿ. ಗುಳಿಗೆ ಅತಿಯಾದವರ ಕೈ ಬೆಚ್ಚಗಿರುತ್ತದೆ, ನಡುಗುತ್ತದೆ, ನಾಡಿ ಓಡುತ್ತದೆ... ದಿನಾ ಹತ್ತಾರು ಕೈ ಹಿಡಿಯುವ ತನಗೆ ಇದು ಹೊಳೆಯಲಿಲ್ಲವೇ? ಇಲ್ರಿ ಎಂದಾಗ ಅವಳ ಕೈ ಜಡೆಗೆ ಹೋಗಿತ್ತು. ಅದನ್ನು ನೋಡಿಯೂ ಇದ್ದ. ನಾಚಿಕೆ ಎಂದುಕೊಂಡಿದ್ದ.

ದಾದರ್‌ನಲ್ಲಿ ಗಾಡಿ ಬದಲಿಸಿ ಕುರ್ಲಾ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಶಾಲು ಹೊದ್ದವಳೇ ಬಾಗಿಲು ತೆರೆದಳು.

"ಆಯಿ ಇಲ್ಲ... ಯಾರ ರಕ್ತ ತೆಗಿಯಾಕ ಬಂದ್ರಿ?" ಎಂದಳು ವೈಶಾಲಿ.

"ಒಂದ ಮಾತು ಕೇಳ್ತೀನಿ. ಆಮ್ಯಾಲೆ ಹೋಗು ಅಂದ್ರ ಹೋಗ್ತೀನಿ. ಕೂದಲಕ್ಕಂತ ಏನರ ಗುಳಿಗಿ ತೊಗೋತೀರೇನು?"

ಅವಳು ಒಳಗೆ ಹೋಗಿ ಡೈರಿಯನ್ನೂ ಅದರ ಹಿಂದಿದ್ದ ಡಬ್ಬಿಯನ್ನೂ ತಂದಳು.

"ಇದು ಔಷಧ ಅಲ್ಲಲ್ರಿ... ಹೂ ನಿಲ್ಲಲಿ ಅಂತ..."

ಡೈರಿ ಅವಳ ಕೈಯಿಂದ ಜಾರಿ ತೆರೆದುಕೊಂಡಿತು. ಹಾಳೆಯ ಮೇಲೆ ಬಿಳಿ ಪಟ್ಟಿಗಳು. ಅವನದೇ ಅಕ್ಷರದ ತಾರೀಖುಗಳು. ಒಂದನ್ನೂ ಅವಳು ಬಿಸಾಡಿರಲಿಲ್ಲ.

"ನಾ ಫಾರ್ಮ್ ಓದಿದ್ನಿ" ಎಂದ ಶ್ರೀಶೈಲ, ಡೈರಿಯನ್ನು ಎತ್ತಿಕೊಡುತ್ತಾ. "ನಿಮ್ಮನ್ನ ನೋಡಲಿಲ್ಲ."

* * *

ಅವ್ವನನ್ನೂ ಕರೆದುಕೊಂಡು ಅವರು ಹೋದದ್ದು ವಿಕ್ರೋಳಿಯ ಡಾಕ್ಟರ್ ವಿನೋದಿನಿಯ ಬಳಿಗೆ. ಉಡುಪಿಯ ಕಡೆಯ ಹೆಂಗಸು. ರಿಪೋರ್ಟನ್ನು ಪಕ್ಕಕ್ಕಿಟ್ಟು ಮೊದಲು ವೈಶಾಲಿಯ ಮುಖ ನೋಡಿದರು, ಕಾಲು ಒತ್ತಿ ನೋಡಿದರು, ಎದೆ ಪರೀಕ್ಷಿಸಿದರು. ಕೂದಲಿನ ಗುಳಿಗೆ ನಿಲ್ಲಿಸಿ ಮೂರು ದಿನದ ನಂತರ ರಕ್ತ ಕೊಡಲು ಹೇಳಿದರು.

ಈ ಸಲ ಟಿಎಸ್‌ಎಚ್ ಎಪ್ಪತ್ತೊಂದು.

ಇಷ್ಟು ತಿಂಗಳು ದೇಹ ಕೂಗುತ್ತಲೇ ಇತ್ತು, ಕೇಳಿಸಿಕೊಂಡವರು ಯಾರೂ ಇರಲಿಲ್ಲ.

"ನಿನ್ನ ಮನಸ್ಸು ಕಲ್ಲಾದದ್ದಲ್ಲ ಮಾರಾಯ್ತಿ" ಎಂದರು ಡಾಕ್ಟರು. "ಮೈಗೆ ಮದ್ದು ಸಾಕಾಗದ್ದು. ಪುನಃ ನೂರು ಶುರು ಮಾಡುವ. ಆರು ವಾರ ಬಿಟ್ಟು ರಕ್ತ ನೋಡುವ. ಎರಡೇ ದಿನದಲ್ಲಿ ಸರಿಯಾಗ್ತದೆ ಅಂತ ಕಾಯಬೇಡ, ಆಯ್ತಾ?"

ಹೊರಗೆ ರಿಕ್ಷಾಕ್ಕೆ ಕಾಯುವಾಗ ವೈಶಾಲಿ ತನ್ನ ಭಯವನ್ನು ಹೊರಗೆ ಹಾಕಿದಳು.

"ಅಂಕಿ ಸರಿಯಾದ ಮ್ಯಾಲೂ... ನಿಮ್ಮ ಮ್ಯಾಲೆ ಏನೂ ಅನ್ಸದಿದ್ರ?"

ಅವನು ರಸ್ತೆ ನೋಡುತ್ತಲೇ ಉತ್ತರಿಸಿದ. "ಅವಾಗ ಅದು ನಿಮ್ಮ ಖರೇ ಉತ್ತರ. ಈಗಿನದು ನನಗ ಬ್ಯಾಡ, ಹೂಂ ಅಂದ್ರೂ ಬ್ಯಾಡ. ಆರು ವಾರ ನಾ ಫೋನೂ ಮಾಡೂದಿಲ್ಲ."

ಜೇಬಿನಿಂದ ಬಿಳಿ ಪಟ್ಟಿ ತೆಗೆದು ಅವಳ ಕೈಗೆ ಅಂಟಿಸಿ, ಅದರ ಮೇಲೆ ತಾರೀಖು ಬರೆದು, ಅವ್ವ ಮಗಳನ್ನು ರಿಕ್ಷಾ ಹತ್ತಿಸಿ, ತಾನು ಸ್ಟೇಷನ್ನಿಗೆ ನಡೆದ.

ವಾರಗಳು ಕಳೆದವು. ಮೊದಲು ಶಾಲು ಬೇಡವಾಯಿತು. ಮುಖದ ಊತ ಇಳಿಯಿತು. ಒಂದು ದಿನ ಡೈರಿಯಲ್ಲಿ ಎರಡು ಸಾಲು, ಇನ್ನೊಂದು ದಿನ ಅರ್ಧ ಪುಟ. ಮೆಟ್ಟಿಲ ಮೇಲೆ ಯಾರದೋ ಚಪ್ಪಲಿ ಸದ್ದಾದರೆ ಕಿವಿ ನಿಮಿರುತ್ತಿತ್ತು. ಆದರೆ ಅಳು ಮಾತ್ರ ಬರಲಿಲ್ಲ. ಆಯಿಯ ಖಾಲಿ ಮೂಲೆ ನೋಡುವಳು, ಎದೆಯಲ್ಲಿ ಏನೋ ಗಟ್ಟಿಯಾಗಿ ಕೂತಿರುವುದು ತಿಳಿಯುವುದು. ಅಷ್ಟೇ.

* * *

ಜನವರಿಯ ಕೊನೆಯ ವಾರ. ಬೆಳಗಿನ ಆರೂಮುಕ್ಕಾಲಿಗೆ ಬಾಗಿಲಲ್ಲಿ ಶ್ರೀಶೈಲ.

ಅವನು ರಬ್ಬರ್ ಪಟ್ಟಿ ಕಟ್ಟಿದ. ಅವಳು ಮುಷ್ಟಿ ಬಿಗಿದಳು, ಈ ಸಲ ಕಣ್ಣು ಮುಚ್ಚಲಿಲ್ಲ. ರಕ್ತ ತೆಗೆದಾದ ಮೇಲೆ ಅವಳು ದಿನದ ಗುಳಿಗೆಯನ್ನು ನೀರಿನೊಂದಿಗೆ ನುಂಗಿದಳು.

ಅವ್ವ ಕೆಲಸಕ್ಕೆ ಹೋಗುವ ಮೊದಲು ಮಾಡಿಟ್ಟ ಚಹಾ ಒಲೆಯ ಮೇಲಿತ್ತು. ಶ್ರೀಶೈಲ ಎದ್ದು ಅದನ್ನು ಲೋಟಕ್ಕೆ ಸುರಿದ. ಅತ್ತಿತ್ತ ಹುಡುಕಿ ಒಂದು ತಾಟು ತಂದು ಅದರ ಮೇಲೆ ಮುಚ್ಚಿದ. ಆಮೇಲೆ ಗಡಿಯಾರ ನೋಡುತ್ತಾ ಕೂತ. ಆಯಿ ಕೂರುತ್ತಿದ್ದ ಜಾಗದಲ್ಲಿ.

ವೈಶಾಲಿ ತಾಟನ್ನೇ ನೋಡಿದಳು.

"ಆಯಿ..." ಎಂದಳು. ಅಷ್ಟೇ.

ಮೂರು ತಿಂಗಳು ಎಲ್ಲೋ ನಿಂತಿದ್ದ ನೀರು ಒಮ್ಮೆಲೇ ಒಡೆಯಿತು. ಅವಳು ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಪಕ್ಕದ ಖೋಲಿಯವರು ಬಂದು ಇಣುಕುವಷ್ಟು ಜೋರಾಗಿ ಅತ್ತಳು. ವಿಭೂತಿ ಹಚ್ಚಿದ ಹಣೆಯನ್ನು ಒಮ್ಮೆ ಮುಟ್ಟಲಿಲ್ಲವಲ್ಲ, ಕಡೇ ಸಲ ಆಯಿ ಅಂತ ಕರೆಯಲಿಲ್ಲವಲ್ಲ ಎಂದು ಅತ್ತಳು. ಆ ದಿನ ಇನ್ನು ಮರಳಿ ಬರುವುದಿಲ್ಲ. ಯಾವ ಡೋಸಿಗೂ ಬರುವುದಿಲ್ಲ.

ಶ್ರೀಶೈಲ ಅವಳ ಕೈ ಹಿಡಿದುಕೊಂಡ. ಅದು ಬೆಚ್ಚಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವನು ಬಿಳಿ ಪಟ್ಟಿ ಅಂಟಿಸಿ ಪೆನ್ನು ತೆಗೆದ. "ರಿಪೋರ್ಟ್ ಸಂಜಿಗೆ ಬರತೈತಿ. ಮುಂದಿನ ತಾರೀಖು..."

"ನನ್ನ ಉತ್ತರಕ್ಕ ರಿಪೋರ್ಟ್ ಬೇಕಾಗಿಲ್ರಿ" ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತಾ. "ನಿಮ್ಮ ಅವ್ವಗ ಬರಾಕ ಹೇಳ್ರಿ. ಆದ್ರ... ಕೂದಲ ಇನ್ನೂ ತೆಳ್ಳಗ ಐತಿ. ಮಾಲಿ ನಿಲ್ಲೂದಿಲ್ಲ."

"ಒಂದ ಹೂ ಸಾಕು."

ಅವಳು ಹೂಂ ಎಂದಳು. ಮತ್ತೆ ಕಣ್ಣು ತುಂಬಿತು.

"ಚಹಾಕ್ಕ ಇನ್ನ ಎಷ್ಟು ಹೊತ್ತ್ರಿ?"

"ಹನ್ನೊಂದು ನಿಮಿಷ."

"ಅಲ್ಲೀತನಾ ಅಳ್ಲೇನು?"

"ಅಳ್ರಿ. ನಾ ಗಡಿಯಾರ ನೋಡ್ತಿರ್ತೀನಿ."